ಹದಿನೈದು ಡಿಗ್ರಿಯ ಲೆಕ್ಕ

ಡಿಸೆಂಬರ್ ಬೆಳಿಗ್ಗೆ ಆರು ಗಂಟೆಗೆ ಅತ್ತಿಗುಪ್ಪೆ ಮೆಟ್ರೊ ನಿಲ್ದಾಣದ ಕೆಳಗೆ ನಿಂತು ನೋಡಿ. ಮಂಕಿ ಕ್ಯಾಪು, ಸ್ವೆಟರು, ಕೈಯಲ್ಲಿ ಬಿಸಿ ಟೀ. ‘ಏನ್ ಸಾರ್ ಈ ಸಲ ಚಳಿ!’ ಎಷ್ಟು ಸ್ವಾಮಿ ಚಳಿ? ಹದಿನೈದು ಡಿಗ್ರಿ ಆಸುಪಾಸು. ಬೆಂಗಳೂರಿನ ದಾಖಲೆಯ ಚಳಿಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಈ ಹದಿನೈದು ಅನ್ನೋ ಸಂಖ್ಯೆ ನೆನಪಿಟ್ಟುಕೊಳ್ಳಿ.

ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರನ್ನು ನೀವು ಮರೆತಿರಲಾರಿರಿ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿಯಿತು. ಹತ್ತು ಯೋಧರು ಹೂತುಹೋದರು. ಆರು ದಿನದ ಮೇಲೆ ಹನುಮಂತಪ್ಪ ಉಸಿರಾಡುತ್ತಲೇ ಸಿಕ್ಕರು. ಕರ್ನಾಟಕವೇ ದೇವರಿಗೆ ಕೈಮುಗಿಯಿತು. 11ಕ್ಕೆ ಅವರು ಹೋಗಿಬಿಟ್ಟರು.

ಕುಸಿದು ಬರುವ ಹಿಮಕ್ಕೆ ಯಾವ ಮನೆಯೂ ಅಡ್ಡ ನಿಲ್ಲಲ್ಲ, ಒಪ್ಪೋಣ. ಆದರೆ ಹಿಮ ಕುಸಿಯದ ದಿನಗಳಲ್ಲಿ ಅಲ್ಲಿನ ಹುಡುಗರು ಮಲಗೋದು ಎಲ್ಲಿ? ಅದನ್ನು ಕೇಳಿದವರು ಕಡಿಮೆ. 1984ರಿಂದ ನಮ್ಮ ಸೈನ್ಯ ಸಿಯಾಚಿನ್‌ನಲ್ಲಿದೆ. ಗುಂಡಿಗಿಂತ ಹೆಚ್ಚು ಜೀವ ತೆಗೆದಿರೋದು ಅಲ್ಲಿನ ಹವಾಮಾನ. ಬೆಚ್ಚಗಿರಲು ಸೀಮೆಎಣ್ಣೆ ಉರಿಸಬೇಕು. ಆ ಎಣ್ಣೆಯನ್ನು ಮೇಲಕ್ಕೆ ಸಾಗಿಸಬೇಕು. ಗಾಳಿ ಬಾರದಂತೆ ಬಿಗಿಯಾಗಿ ಮುಚ್ಚಿದ ಗೂಡಿನೊಳಗೆ ಆ ಹೊಗೆ, ಮಸಿ ಕುಡಿಯಬೇಕು. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ನಿದ್ದೆಯಲ್ಲೇ ಕೊಲ್ಲುತ್ತೆ.

ಈಗ ಆ ಹದಿನೈದಕ್ಕೆ ಬರೋಣ. 2021ರ ಫೆಬ್ರವರಿಯಲ್ಲಿ ಲಡಾಖಿನ ಸೋನಮ್ ವಾಂಗ್‌ಚುಕ್ ಸೈನಿಕರಿಗಾಗಿ ತಯಾರಿಸಿದ ಒಂದು ಟೆಂಟನ್ನು ಜಗತ್ತಿಗೆ ತೋರಿಸಿದರು. ರಾತ್ರಿ ಹತ್ತು ಗಂಟೆ. ಹೊರಗೆ ಹಿಂದಿನ ರಾತ್ರಿ ಮೈನಸ್ 14ರವರೆಗೆ ಇಳಿದಿತ್ತು. ಒಳಗೆ ಪ್ಲಸ್ 15! ಅಂದರೆ ನಮ್ಮ ಅತ್ತಿಗುಪ್ಪೆ ಬೆಳಗು. ಒಂದು ಹನಿ ಸೀಮೆಎಣ್ಣೆ ಇಲ್ಲ. ಹತ್ತು ಜನ ಮಲಗಬಹುದು, ಬಿಚ್ಚಿದರೆ ಯಾವ ಭಾಗವೂ ಮೂವತ್ತು ಕಿಲೋ ದಾಟಲ್ಲ.

ಇದೇನು ಮಂತ್ರವಾ? ಅಲ್ಲ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ, ತಗ್ಗಿನಲ್ಲಿ ಸಾಗುತ್ತಾನೆ. ಆ ಕಡೆಗೆ ಗಾಜು ಅಥವಾ ಪಾರದರ್ಶಕ ಹಾಳೆ ಇಟ್ಟರೆ ಬಿಸಿಲು ನೇರ ಒಳಗೆ. ಅದನ್ನು ಹಿಡಿದಿಡೋಕೆ ಭಾರದ ವಸ್ತು ಬೇಕು: ಮಣ್ಣಿನ ದಪ್ಪ ಗೋಡೆ, ಇಲ್ಲವೇ ನೀರು. ಹಗಲೆಲ್ಲ ಕಾದ ಗೋಡೆ ರಾತ್ರಿಯೆಲ್ಲ ನಿಧಾನಕ್ಕೆ ಬಿಸಿ ಬಿಡುತ್ತೆ. ಉಳಿದ ಮೂರು ಕಡೆಗೂ ಸೂರಿಗೂ ಹುಲ್ಲು, ಮರದ ಹೊಟ್ಟು ತುಂಬಿ ಕಂಬಳಿ ಹೊದಿಸಿದ ಹಾಗೆ ಮಾಡಬೇಕು. ಲೇಹ್ ಹತ್ತಿರದ ಫೇ ಹಳ್ಳಿಯಲ್ಲಿ ಸೆಕ್ಮೋಲ್ ಶಾಲೆಯ ಮಕ್ಕಳು ಇಂಥ ಮಣ್ಣಿನ ಕಟ್ಟಡದಲ್ಲೇ ಚಳಿಗಾಲ ಕಳೀತಾರೆ. ಮಣ್ಣು ಅಲ್ಲಿಯದೇ. ಬಿಸಿಲಿಗೆ ಬಿಲ್ ಬರಲ್ಲ. ಹಾಗಂತ ದಿನಗಟ್ಟಲೆ ಹಿಮಗಾಳಿ ಬೀಸುವ ನೆತ್ತಿಯ ಠಾಣೆಗಳಿಗೆ ಇದೊಂದೇ ಸಾಕು ಅಂತ ನಾನು ಹೇಳಲ್ಲ. ಅಲ್ಲಿ ಒಲೆ ಬೇಕೇ ಬೇಕು. ಬಿಸಿಲಿರುವ ಕಡೆ ಯಾಕೆ ಹೊಗೆ ಅನ್ನೋದು ನನ್ನ ಪ್ರಶ್ನೆ.

ಮಣ್ಣಿನ ವಿದ್ಯೆ ಕನ್ನಡಿಗರಿಗೆ ಹೊಸದಾ? ಧಾರವಾಡ ಕಡೆಯ ಮಾಳಿಗೆ ಮನೆಗೂ ಲಡಾಖಿನ ಮನೆಗೂ ಇರೋದು ಒಂದೇ ಥರ ಮಣ್ಣಿನ ಚಪ್ಪಟೆ ಸೂರು. ಇದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಕಟ್ಟಿದರು. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿ ಇಟ್ಟಿಗೆ ಮಾಡಿ ತೋರಿಸಿದರು. ಅಂಥ ಇಟ್ಟಿಗೆಯ ಮನೆಗಳು ಈ ಊರಲ್ಲೇ ನಿಂತಿವೆ.

ಆದರೆ ಅತ್ತಿಗುಪ್ಪೆಯ ಅಡ್ಡರಸ್ತೆಗೆ ಬನ್ನಿ. ಇಪ್ಪತ್ತು-ಮೂವತ್ತರ ಸೈಟು, ಗೋಡೆಗೆ ಗೋಡೆ ಅಂಟಿಕೊಂಡ ನಾಲ್ಕು ಅಂತಸ್ತು. ಕೆಳಗಿನ ಬಾಡಿಗೆ ಮನೆಯಲ್ಲಿ ಮಧ್ಯಾಹ್ನಕ್ಕೂ ಟ್ಯೂಬ್‌ಲೈಟು, ಮಂಚದ ಹಿಂದೆ ಬೂಷ್ಟು, ಮಗುವಿಗೆ ಕೆಮ್ಮು. ಮೈನಸ್ ಹದಿನಾಲ್ಕರಲ್ಲಿ ಬಿಸಿಲನ್ನು ಮನೆಯೊಳಗೆ ಕರೆದವರಿದ್ದಾರೆ. ನಾವು ಪ್ಲಸ್ ಹದಿನೈದರಲ್ಲೇ ಅದನ್ನು ಗೇಟಿನ ಹೊರಗೆ ನಿಲ್ಲಿಸಿದ್ದೀವಿ. ಮೇಸ್ತ್ರಿಯನ್ನು ಕೇಳಿ ನೋಡಿ, ಉತ್ತರ ರೆಡಿ ಇರುತ್ತೆ: ‘ಕಿಟಕಿಗೆ ಜಾಗ ಬಿಟ್ರೆ ಒಂದು ರೂಮ್ ಬಾಡಿಗೆ ಹೋಗುತ್ತೆ ಸಾರ್.’