ಹೊಲದಲ್ಲಿ ನಿಂತ ಮೊಬೈಲಿಗೆ ಜಾಗ ತಿಳಿಯುವ ಬಗೆ



ಬೆಳೆ ಸಮೀಕ್ಷೆಯ ಕಾಲ ಬಂತೆಂದರೆ ಕಣಕಟ್ಟೆ ಹೋಬಳಿಯ ಹೊಲಗಳಲ್ಲಿ ಈ ದೂರು ಕೇಳಿಬರುತ್ತದೆ: “ನಾನು ನನ್ನ ರಾಗಿ ಹೊಲದಾಗೇ ನಿಂತಿದ್ದೀನಿ ಸ್ವಾಮಿ, ಮೊಬೈಲು ಮಾತ್ರ ಪಕ್ಕದೋರ ಹೊಲ ತೋರಿಸ್ತೈತೆ.” ರೈತರೇ ತಮ್ಮ ಬೆಳೆಯ ಫೋಟೋ ತೆಗೆದು ಕಳುಹಿಸುವ ಏರ್ಪಾಡು 2020ರಿಂದ ಬಂದಿದೆಯಷ್ಟೆ. ಬೆಂಬಲ ಬೆಲೆಗೆ ರಾಗಿ ಕೊಳ್ಳುವಾಗಲೂ, ಬೆಳೆ ಹೋದಾಗ ಪರಿಹಾರ ಕೊಡುವಾಗಲೂ ಆ ದಾಖಲೆಯನ್ನೇ ನೋಡುತ್ತಾರೆ. ಫೋಟೋ ಬೇರೆ ಸರ್ವೆ ನಂಬರಿಗೆ ಬಿದ್ದರೆ, ಹೊಲದಲ್ಲಿರುವ ನಿಮ್ಮ ರಾಗಿ ಕಡತದಲ್ಲಿ ಇರುವುದೇ ಇಲ್ಲ. ಆದ್ದರಿಂದ ಮೊಬೈಲು ಜಾಗವನ್ನು ಹೇಗೆ ಗುರುತಿಸುತ್ತದೆ ಎಂಬುದನ್ನು ಕೊಂಚ ವಿಚಾರ ಮಾಡೋಣ.

ಮೊಬೈಲು ಉಪಗ್ರಹಕ್ಕೆ ಏನನ್ನೂ ಕೇಳಿ ಕಳುಹಿಸುವುದಿಲ್ಲ. ರೇಡಿಯೋ ಪೆಟ್ಟಿಗೆಯ ಹಾಗೆ ಬಂದದ್ದನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೇ. ಅಮೆರಿಕದವರ ಜಿ.ಪಿ.ಎಸ್. ಉಪಗ್ರಹಗಳು ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ, 24ಕ್ಕೆ ಕಡಿಮೆಯಿಲ್ಲದಂತೆ, ಸುತ್ತುತ್ತಿರುತ್ತವೆ. ರಷ್ಯ, ಯೂರೋಪು, ಚೀನಾದವರವೂ ಉಂಟು. ನಮ್ಮ ದೇಶದ್ದು ನಾವಿಕ್. ಅದರ ಮೊದಲ ಉಪಗ್ರಹ ಹಾರಿದ್ದು 2013ರಲ್ಲಿ. ಇಂಥ ಉಪಗ್ರಹಗಳನ್ನು ಹಿಡಿತದಲ್ಲಿಟ್ಟು ನಡೆಸುವ ಕೇಂದ್ರ 1982ರಿಂದ ನಮ್ಮ ಹಾಸನದಲ್ಲೇ ಇದೆಯೆಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ!

ಪ್ರತಿಯೊಂದು ಉಪಗ್ರಹವೂ “ನಾನು ಇಂಥದು, ಇಂಥ ಕಡೆ ಇದ್ದೇನೆ, ಈಗ ಹೊತ್ತು ಇಷ್ಟು” ಎಂದು ಸಾರುತ್ತಲೇ ಇರುತ್ತದೆ. ಈ ಅಲೆ ಸೆಕೆಂಡಿಗೆ 3 ಲಕ್ಷ ಕಿಲೋಮೀಟರು ಓಡುತ್ತದೆ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ, ಸಿಡಿಲು ಎಷ್ಟು ದೂರವೆಂದು ಹಿರಿಯರು ಅಂದಾಜು ಮಾಡುತ್ತಾರಲ್ಲ, ಹಾಗೆಯೇ ಅಲೆ ಬರಲು ಹಿಡಿದ ಹೊತ್ತಿನಿಂದ ಮೊಬೈಲು ದೂರವನ್ನು ಲೆಕ್ಕ ಹಾಕುತ್ತದೆ.

ಈಗ ಹಸುವನ್ನು ಗೂಟಕ್ಕೆ ಕಟ್ಟಿದ್ದೀರಿ ಎನ್ನಿ. ಹಗ್ಗ ಬಿಗಿಯಾಗಿದ್ದರೆ ಅದು ಗೂಟದ ಸುತ್ತಿನ ಗೆರೆಯ ಮೇಲೆ ಎಲ್ಲಾದರೂ ಇದ್ದೀತು. ಇನ್ನೊಂದು ಗೂಟದಿಂದಲೂ ಕಟ್ಟಿ ಎರಡು ಹಗ್ಗವೂ ಬಿಗಿಯಾದರೆ, ಅದು ನಿಲ್ಲಲು ಎರಡೇ ಜಾಗ. ಮೂರನೆಯದೂ ಬಿಗಿಯಾಯಿತೋ, ಒಂದೇ ಜಾಗ. ಗೂಟಗಳು ಆಕಾಶದಲ್ಲಿದ್ದರೆ ಮೂರು ಹಗ್ಗಕ್ಕೆ ಎರಡು ಜಾಗ ಉಳಿಯುತ್ತವೆ. ಅದರಲ್ಲಿ ಒಂದು ನೆಲದಿಂದ ಬಹು ದೂರವಿರುವುದರಿಂದ ಬಿಟ್ಟುಬಿಡಬಹುದು.

ತೊಡಕಿರುವುದು ಗಡಿಯಾರದಲ್ಲಿ. ಉಪಗ್ರಹದಲ್ಲಿರುವುದು ಪರಮಾಣು ಗಡಿಯಾರ, ಮೊಬೈಲಿನಲ್ಲಿರುವುದು ಅಗ್ಗದ್ದು. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ದೂರದ ಲೆಕ್ಕ 300 ಮೀಟರು ತಪ್ಪುತ್ತದೆ. ಆದರೆ ಆ ತಪ್ಪು ಎಲ್ಲ ಹಗ್ಗಕ್ಕೂ ಒಂದೇ ಸಮ. ಅದಕ್ಕೇ ನಾಲ್ಕನೆಯ ಉಪಗ್ರಹ ಬೇಕು. ಎಲ್ಲ ಹಗ್ಗದಲ್ಲೂ ಎಷ್ಟೆಷ್ಟು ಹಿಡಿದರೆ ಅಥವಾ ಬಿಟ್ಟರೆ ನಾಲ್ಕು ತುದಿಯೂ ಒಂದೆಡೆ ಕೂಡುತ್ತದೋ, ಅಷ್ಟೇ ತನ್ನ ಗಡಿಯಾರದ ತಪ್ಪು ಎಂದು ಮೊಬೈಲು ತಿಳಿದುಕೊಳ್ಳುತ್ತದೆ. ನನಗಂತೂ ಇದು ಬಲು ಜಾಣ ಲೆಕ್ಕವೆನಿಸುತ್ತದೆ.

ಜಿ.ಪಿ.ಎಸ್. ಉಪಗ್ರಹ ತಾನಿರುವ ಕಡೆಯ ವಿವರವನ್ನು ಒಂದು ಸಲ ಹೇಳಿ ಮುಗಿಸಲು 30 ಸೆಕೆಂಡು ಬೇಕು. ಮೊಬೈಲು ಸಿಗ್ನಲ್ ಚೆನ್ನಾಗಿದ್ದರೆ ಆ ವಿವರ ಇಂಟರ್ನೆಟ್ಟಿನಿಂದ ಥಟ್ಟನೆ ಬರುತ್ತದೆ. ಟವರು ಸಿಗದ ಹೊಲದಲ್ಲಿ ಆಕಾಶದಿಂದಲೇ ಕೇಳಿಸಿಕೊಳ್ಳಬೇಕು. ನಡುವೆ ಕಡಿದುಹೋದರೆ ಮತ್ತೆ ಕಾಯಬೇಕು. ಆದ್ದರಿಂದ ಮನೆಯಿಂದ ಹೊರಡುವಾಗಲೇ ಲೊಕೇಶನ್ ಆನ್ ಮಾಡಿ. ಹೊಲಕ್ಕೆ ಹೋದೊಡನೆ ಫೋಟೋ ಹೊಡೆಯದೆ ಎರಡು ಮೂರು ನಿಮಿಷ ನಿಲ್ಲಿ. ನಕ್ಷೆಯಲ್ಲಿ ನೀಲಿ ಚುಕ್ಕೆಯ ಸುತ್ತ ತಿಳಿಯಾದ ಸುತ್ತೊಂದು ಕಾಣುತ್ತದೆ. ಅದು ಚಿಕ್ಕದಾಗುವವರೆಗೂ ಕಾಯಿರಿ.

ಮೋಡ ಕವಿದರೆ ಜಿ.ಪಿ.ಎಸ್. ಬರುವುದಿಲ್ಲ ಎನ್ನುವವರಿದ್ದಾರೆ. ಅದು ಸುಳ್ಳು, ಮೋಡವನ್ನು ದಾಟಿ ಅಲೆ ಬರುತ್ತದೆ. ಅದನ್ನು ಸೊರಗಿಸುವುದು ತಲೆಯ ಮೇಲಿನ ದಟ್ಟ ಎಲೆ, ಅದರಲ್ಲೂ ನೆಂದ ಎಲೆ. ತೆಂಗಿನ ತೋಟದಲ್ಲಾದರೆ ಬುಡಕ್ಕೆ ಒರಗದೆ, ಸಾಲಿನ ನಡುವೆ ಆಕಾಶ ಕಾಣುವ ಕಡೆ ನಿಲ್ಲಿ. ಪಂಪ್‌ಸೆಟ್ ಮನೆಯ ಗೋಡೆಯ ಪಕ್ಕ, ತಗಡಿನ ಶೆಡ್ಡಿನ ಕೆಳಗೆ ಬೇಡವೇ ಬೇಡ. ಅಲ್ಲಿ ಅಲೆ ತಟ್ಟಿ ತಿರುಗಿ ಬರುವುದರಿಂದ ಹಗ್ಗ ಉದ್ದವಾದಂತಾಗುತ್ತದೆ.

ಇಷ್ಟಾದರೂ ಬಯಲಲ್ಲಿ ಮೊಬೈಲಿನ ಲೆಕ್ಕ ಸುಮಾರು 5 ಮೀಟರು ಆಚೀಚೆ ಹೋಗುತ್ತದೆ. ಒಂದು ಗುಂಟೆಯೆಂದರೆ 33 ಅಡಿಗೆ 33 ಅಡಿ, ಅಂದರೆ ಸುಮಾರು 10 ಮೀಟರಿನ ಚೌಕ. ಅರ್ಧ ಗುಂಟೆ ಆಚೆಗೋ ಈಚೆಗೋ ಆಯಿತಲ್ಲ! ಅದಕ್ಕೇ ಬದುವಿನ ಮೇಲೆ ನಿಂತು ಫೋಟೋ ತೆಗೆಯಬೇಡಿ, ಹೊಲದ ನಡುವಿಗೆ ಹೋಗಿ. ಮೊಬೈಲು ತೋರಿಸಿತೆಂದು ಬಾಂದುಕಲ್ಲು ಕೀಳಲು ಹೊರಡುವುದಂತೂ ಅಣ್ಣತಮ್ಮಂದಿರಲ್ಲಿ ಜಗಳ ತರುವ ಕೆಲಸ. ಭೂಮಾಪಕರು ತರುವ ರೋವರ್ ಎಂಬ ಕೋಲಿನ ಯಂತ್ರವೇ ಬೇರೆ. ಜಾಗ ಖಚಿತವಾಗಿ ಗೊತ್ತಿರುವ ನೆಲಕೇಂದ್ರವೊಂದು ಅದೇ ಉಪಗ್ರಹಗಳನ್ನು ಕೇಳಿ, ತಪ್ಪೆಷ್ಟೆಂದು ತಿಳಿಸುವುದರಿಂದ ಅದರ ಅಳತೆ ಕೆಲವೇ ಸೆಂಟಿಮೀಟರಿಗೆ ನಿಲ್ಲುತ್ತದೆ.

ಫೋಟೋ ಕಳುಹಿಸಿದ ಮೇಲೂ ಸುಮ್ಮನಿರಬೇಡಿ. ಬೆಳೆ ದರ್ಶಕ ಆ್ಯಪಿನಲ್ಲಿ ನಿಮ್ಮ ಸರ್ವೆ ನಂಬರು, ಹಿಸ್ಸಾ ಹಾಕಿ ಯಾವ ಬೆಳೆ ದಾಖಲಾಗಿದೆ ನೋಡಿ. ತಪ್ಪಿದ್ದರೆ ಗಡುವಿನೊಳಗೆ ಅಲ್ಲೇ ಆಕ್ಷೇಪಣೆ ಸಲ್ಲಿಸಿ; ಕೈಗೂಡದಿದ್ದರೆ ಪಹಣಿ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಬನ್ನಿ.