ಅಪ್ಪನ ಆಸ್ಪಿರಿನ್ ನಿಲ್ಲಿಸಬೇಕಾ? ಕಣ್ಣಿಗೆ ಅದು ಒಳ್ಳೇದಾ, ಕೆಟ್ಟದ್ದಾ?

ಹೋದ ತಿಂಗಳು ದೊಮ್ಮಲೂರಿನ ನಮ್ಮ ಮನೇಲಿ ಒಂದು ಸಣ್ಣ ಜಗಳ ಆಯ್ತು. ಅಪ್ಪನಿಗೆ ಹದಿನೈದು ವರ್ಷದಿಂದ ಶುಗರ್ ಇದೆ. ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ದಿನಾ 75 ಮಿಲಿಗ್ರಾಂ ಆಸ್ಪಿರಿನ್ ತಗೋತಾರೆ. ಈ ಸಲ ಕಣ್ಣಿನ ಪರೀಕ್ಷೆಯಲ್ಲಿ ರೆಟಿನಾ ಮೇಲೆ ಸಣ್ಣ ಸಣ್ಣ ರಕ್ತದ ಚುಕ್ಕೆ ಕಾಣಿಸಿತು. ಇದೇ ಡಯಾಬಿಟಿಕ್ ರೆಟಿನೋಪತಿ.

ಮನೆಗೆ ಬಂದ ಮಾವ, "ಭಾವ, ಅದು ರಕ್ತ ತೆಳು ಮಾಡೋ ಮಾತ್ರೆ, ಮೊದ್ಲು ನಿಲ್ಸಿ" ಅಂದ್ರು. ಪಕ್ಕದ ಮನೆ ಅಂಕಲ್, "ಇನ್ನೊಂದು ಜಾಸ್ತಿ ತಗೊಳ್ಳಿ ಸಾರ್, ಕಣ್ಣಲ್ಲಿ ಬ್ಲಾಕ್ ಆಗಲ್ಲ" ಅಂದ್ರು. ಯಾರದ್ದು ಸರಿ? ಇಬ್ಬರದ್ದೂ ತಪ್ಪು.

ಅಂಕಲ್ ಮಾತಿಗೆ ಹಳೇ ಬೇರು ಇದೆ. 1964ರಲ್ಲೇ ಕೆಲವು ವೈದ್ಯರು ಒಂದು ವಿಷಯ ಗಮನಿಸಿದ್ರು: ಶುಗರ್ ಜೊತೆ ಕೀಲುವಾತವೂ ಇದ್ದವರಲ್ಲಿ ರೆಟಿನೋಪತಿ ಕಡಿಮೆ. ಕೀಲುವಾತಕ್ಕೆ ಅವರು ಆಸ್ಪಿರಿನ್ ಥರದ ಮಾತ್ರೆ ನುಂಗ್ತಿದ್ರು. ಪ್ಲೇಟ್‌ಲೆಟ್‌ಗಳು ಅಂಟಿಕೊಂಡು ಕಣ್ಣಿನ ಕೂದಲೆಳೆ ರಕ್ತನಾಳಗಳನ್ನು ಮುಚ್ತವೆ, ಆಸ್ಪಿರಿನ್ ಅದನ್ನು ತಡೆಯುತ್ತೆ ಅನ್ನೋ ಲೆಕ್ಕ. ಕೇಳೋಕೆ ಸರಿ ಅನ್ಸುತ್ತೆ ಅಲ್ವಾ?

ಆಮೇಲೆ ಅಮೆರಿಕದಲ್ಲಿ ಇಟಿಡಿಆರ್‌ಎಸ್ ಅನ್ನೋ ದೊಡ್ಡ ಅಧ್ಯಯನ ನಡೀತು. 3,711 ಜನ. ಅರ್ಧ ಜನಕ್ಕೆ ದಿನಾ 650 ಮಿಲಿಗ್ರಾಂ ಆಸ್ಪಿರಿನ್, ಉಳಿದವರಿಗೆ ನೋಡೋಕೆ ಅದೇ ಥರದ ಔಷಧವಿಲ್ಲದ ಮಾತ್ರೆ. 650 ಅಂದ್ರೆ ಅಪ್ಪನ ಮಾತ್ರೆಯ ಎಂಟು ಪಟ್ಟಿಗಿಂತ ಜಾಸ್ತಿ. 1991ರಲ್ಲಿ ಫಲಿತಾಂಶ ಬಂತು. ಆಸ್ಪಿರಿನ್ ರೆಟಿನೋಪತಿಯನ್ನು ತಡೀಲಿಲ್ಲ. ಆದ್ರೆ ಕಣ್ಣೊಳಗಿನ ರಕ್ತಸ್ರಾವವನ್ನು ಹೆಚ್ಚಿಸಲೂ ಇಲ್ಲ.

ಈ ಎರಡನೇ ಸಾಲು ನಮ್ಮ ಮಾವನಿಗೆ ಉತ್ತರ. ಕಣ್ಣಿಗೆ ಹೆದರಿ ಸ್ಟೆಂಟ್ ಇರೋರು ತಾವಾಗೇ ಆಸ್ಪಿರಿನ್ ಬಿಟ್ರೆ, ಸ್ಟೆಂಟ್‌ನಲ್ಲೇ ರಕ್ತ ಹೆಪ್ಪುಗಟ್ಟಿ ಹಾರ್ಟ್ ಅಟ್ಯಾಕ್ ಆಗಬಹುದು. ಜಾಸ್ತಿ ನುಂಗಿದ್ರೆ ಹೊಟ್ಟೇಲಿ ರಕ್ತಸ್ರಾವದ ಭಯ. ನಿಲ್ಲಿಸೋದು, ಏರಿಸೋದು ಹೃದಯದ ಡಾಕ್ಟರ್ ಕೆಲಸ.

ಹಾಗಾದ್ರೆ ಕಣ್ಣು ಉಳಿಸೋದು ಏನು? ಶುಗರ್, ಬಿಪಿ ಹಿಡಿತದಲ್ಲಿಡೋದು. ಬೇಕಾದಾಗ ಲೇಸರ್ ಅಥವಾ ಕಣ್ಣಿಗೆ ಇಂಜೆಕ್ಷನ್. ಎಲ್ಲಕ್ಕಿಂತ ಮೊದಲು, ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ. ಯಾಕಂದ್ರೆ ಶುರುವಲ್ಲಿ ನೋವೂ ಇರಲ್ಲ, ಮಬ್ಬೂ ಇರಲ್ಲ. ಚಾಮರಾಜಪೇಟೆ ಹತ್ರದ ಸರ್ಕಾರಿ ಮಿಂಟೋ ಆಸ್ಪತ್ರೆಗೂ ಹೋಗಬಹುದು. ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಕಣ್ಣು ಮಂಜಾಗಿರುತ್ತೆ, ಅಪ್ಪನ ಕೈಗೆ ಗಾಡಿ ಕೊಡಬೇಡಿ, ನೀವೇ ಜೊತೆಗೆ ಹೋಗಿ.

ಇವತ್ತು ರಾತ್ರಿ ಊಟಕ್ಕೆ ಕೂತಾಗ ಅಪ್ಪನ್ನ ಒಂದೇ ಮಾತು ಕೇಳಿ: "ಕೊನೇ ಸಲ ರೆಟಿನಾ ತೋರಿಸಿದ್ದು ಯಾವಾಗ?"