ಮನೆಯ ದೀಪ: ಎಲ್ಲಿ, ಎಷ್ಟು, ಹೇಗೆ?

(ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಗ್ರಾಮಸ್ಥರಿಗಾಗಿ ಮಾಡಿದ ಭಾಷಣ)



ನಮ್ಮ ಜಿಲ್ಲೆಗೆ ವಿದ್ಯುತ್ತು ಹೊಸದಲ್ಲ. 1902ರಲ್ಲಿಯೇ ಶಿವನಸಮುದ್ರದಿಂದ ಸುಮಾರು 92 ಮೈಲಿ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕರೆಂಟು ತಂದರು. ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ಆದರೆ ನಮ್ಮ ಹಳ್ಳಿಗಳಲ್ಲಿ ಬಹುಕಾಲ ಸೀಮೆಎಣ್ಣೆ ಬುಡ್ಡಿಯೇ ಉರಿಯಿತು. ಈಗ ಊರೂರಿಗೂ ದೀಪ ಬಂದಿದೆ. ಆದರೂ ನಡುಮನೆಗೆ ಒಂದು ಬಲ್ಬು ತೂಗುಹಾಕಿ, ಅದರಲ್ಲೇ ಅಡಿಗೆ, ಊಟ, ಮಕ್ಕಳ ಓದು ಎಲ್ಲವನ್ನೂ ಸಾಗಿಸುವ ಮನೆಗಳುಂಟು. ದೀಪವಿದ್ದರೆ ಸಾಲದು, ಕೆಲಸದ ಜಾಗಕ್ಕೆ ಬೆಳಕು ಬೀಳಬೇಕು.

ಅಡಿಗೆಮನೆಯನ್ನೇ ನೋಡಿ. ದೀಪ ಬೆನ್ನ ಹಿಂದಿದ್ದರೆ ಮುದ್ದೆ ತೊಳಸುವವರ ನೆರಳೇ ಪಾತ್ರೆಯ ಮೇಲೆ ಬೀಳುತ್ತದೆ. ಅಕ್ಕಿಯ ಕಲ್ಲು ಕಾಣದು, ಈಳಿಗೆಗೆ ಬೆರಳು ಸಿಕ್ಕೀತು. ಒಲೆಯ ಪಕ್ಕದ ಗೋಡೆಗೆ, ಉರಿ ಮತ್ತು ಹಬೆ ತಾಗದಂತೆ, ದೀಪ ಹಾಕಿಸಿ.

ಬಲಗೈಯಲ್ಲಿ ಬರೆಯುವ ಮಗುವಿಗೆ ಬೆಳಕು ಎಡಗಡೆಯಿಂದ ಬರಲಿ. ಎಡಗೈಯಲ್ಲಿ ಬರೆಯುವ ಮಗುವಿಗೆ ಬಲಗಡೆಯಿಂದ. ಬಲ್ಬು ನೇರವಾಗಿ ಕಣ್ಣಿಗೆ ಹೊಡೆಯಬಾರದು. ಹೊಗೆ ಹಿಡಿದ ಕಪ್ಪು ಗೋಡೆ ಬೆಳಕನ್ನು ನುಂಗುತ್ತದೆ. ವರ್ಷಕ್ಕೊಮ್ಮೆ ಸುಣ್ಣ ಹೊಡೆದು, ದೀಪ ಆರಿಸಿ ಬಲ್ಬಿನ ಧೂಳು ಒರೆಸಿದರೆ ಅದೇ ಬಲ್ಬು ಹೆಚ್ಚು ಬೆಳಕು ಕೊಡುತ್ತದೆ.

ಇನ್ನು ಬಲ್ಬಿನ ಆಯ್ಕೆ. ಹಳೆಯ 60 ವಾಟ್ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್ ಆಗುತ್ತದೆ. ಹೆಚ್ಚುಕಡಿಮೆ ಅಷ್ಟೇ ಬೆಳಕು ಕೊಡುವ 9 ವಾಟ್ ಎಲ್‌ಇಡಿ ಬಲ್ಬಿಗೆ ಒಂದೂವರೆ ಯೂನಿಟ್ಟೂ ಆಗದು. ಗೃಹಜ್ಯೋತಿ ಇದೆಯಲ್ಲ, ಲೆಕ್ಕವೇಕೆ ಎನ್ನುವಿರಾ? 2023ರಲ್ಲಿ ಆರಂಭವಾದ ಆ ಯೋಜನೆಗೂ ತಿಂಗಳಿಗೆ 200 ಯೂನಿಟ್ಟಿನ ಮಿತಿಯುಂಟು. ಕೊಳ್ಳುವಾಗ ಬಿಐಎಸ್ ನೋಂದಣಿ ಗುರುತು ನೋಡಿ. ಪಂಪ್‌ಸೆಟ್ಟುಗಳು ಓಡುವಾಗ ವೋಲ್ಟೇಜ್ ಇಳಿಯುವ ಊರಾದರೆ, ಬಲ್ಬು ಎಷ್ಟು ವೋಲ್ಟಿನವರೆಗೆ ತಡೆಯುತ್ತದೆಂದು ಡಬ್ಬಿಯ ಮೇಲೆ ಓದಿಕೊಳ್ಳಿ. ಉಣ್ಣುವ ಜಾಗಕ್ಕೆ ಬಿಳಿಗಿಂತ ಹಳದಿ ಛಾಯೆಯ ದೀಪ ಮೇಲು; ಅದಕ್ಕೆ ಹುಳುಹುಪ್ಪಟೆ ಕಡಿಮೆ ಮುತ್ತುತ್ತವೆ.

ರೇಷ್ಮೆ ಹುಳು ಸಾಕುವ ಮನೆಗೆ ಮಾತ್ರ ಪ್ರಖರ ಬೆಳಕು ಬೇಡ. ಒಂದೇ ಕಡೆ ಬೆಳಕು ಜೋರಾಗಿ ಬಿದ್ದರೆ ಹುಳುಗಳು ಅಲ್ಲಿಂದ ಸರಿದು ಗುಂಪುಗೂಡುತ್ತವೆ, ಸೊಪ್ಪನ್ನು ಸಮನಾಗಿ ತಿನ್ನವು. ಮಂದವಾದ, ಎಲ್ಲೆಡೆ ಒಂದೇ ಸಮನಾದ ಬೆಳಕು ಸಾಕು.

ಈಗ ಮುಖ್ಯ ಮಾತು. ಮನೆಯಿಂದ ಕೊಟ್ಟಿಗೆಗೆ ಹಳೆಯ ವೈರು ಎಳೆದು, ಮೊಳೆಗೆ ಸುತ್ತಿ, ಅಲ್ಲಲ್ಲಿ ಗಂಟು ಹಾಕುವ ಪದ್ಧತಿಯನ್ನು ಇಂದೇ ಬಿಡಿ. ಗಂಜಳದಿಂದ ಒದ್ದೆಯಾದ ನೆಲದ ಮೇಲೆ ನಾಲ್ಕು ಕಾಲೂರಿ ನಿಂತ ಹಸುವಿಗೆ ಅಲ್ಪ ಕರೆಂಟು ತಾಗಿದರೂ ಪ್ರಾಣಕ್ಕೆ ಅಪಾಯ. ಹಾಲು ಮಾರಿ ಸಂಸಾರ ನಡೆಸುವ ಮನೆಗೆ ಆ ನಷ್ಟ ತುಂಬುವುದು ಸುಲಭವಲ್ಲ. ಹಾಲು ಕರೆಯಲು ಕುಳಿತವರ ಜೀವಕ್ಕಂತೂ ಬೆಲೆಯೇ ಇಲ್ಲ. ಕೊಟ್ಟಿಗೆಯ ವೈರು ಕೊಳವೆಯೊಳಗೆ ಬರಲಿ, ಬಲ್ಬಿಗೆ ಮುಚ್ಚಳವಿರಲಿ, ಸ್ವಿಚ್ಚು ದನದ ಬಾಯಿಗೆ, ಕೊಂಬಿಗೆ ಎಟುಕದಿರಲಿ. ಬಚ್ಚಲ ಸ್ವಿಚ್ಚು ಬಾಗಿಲ ಹೊರಗಿರಲಿ. ಬಟ್ಟೆ ಒಣಗಿಸಲು ಲೋಹದ ತಂತಿ ಕಟ್ಟದೆ ಹಗ್ಗ ಕಟ್ಟಿ.

ಲೈಸೆನ್ಸ್ ಇರುವವರಿಂದಲೇ ವೈರಿಂಗ್ ಮಾಡಿಸಿ. ಮನೆಗೆ ಸರಿಯಾದ ಅರ್ತಿಂಗ್ ಇರಲಿ; ಜೊತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಕರೆಂಟು ದಾರಿ ತಪ್ಪಿ ಮೈಗೋ ಗೋಡೆಗೋ ಹರಿದರೆ ಅದು ಕ್ಷಣದಲ್ಲಿ ಲೈನನ್ನು ಕಡಿಯುತ್ತದೆ. ಫ್ಯೂಸು ಆ ಕೆಲಸ ಮಾಡಲಾರದು.

ಯಾರಿಗಾದರೂ ಶಾಕ್ ಹೊಡೆದರೆ ಬರಿಗೈಯಲ್ಲಿ ಮುಟ್ಟಕೂಡದು. ಮೊದಲು ಮೇನ್ ಸ್ವಿಚ್ಚು ಆರಿಸಿ. ಅದು ಆಗದಿದ್ದರೆ ಒಣ ಹಲಗೆಯ ಮೇಲೆ ನಿಂತು ಒಣ ಮರದ ಕೋಲಿನಿಂದ ವೈರನ್ನು ಸರಿಸಿ. ಆದರೆ ಕಂಬದ ತಂತಿ ಬಿದ್ದಿದ್ದರೆ ಹತ್ತಿರ ಸುಳಿಯದೆ, ದನಕರುಗಳನ್ನೂ ಬಿಡದೆ, ಬೆಸ್ಕಾಂನ 1912ಕ್ಕೆ ತಿಳಿಸಿ.

ಇಂದು ಸಂಜೆ ದೀಪ ಹಾಕಿದಾಗ ಮನೆಯನ್ನೊಮ್ಮೆ ಸುತ್ತಿ ಬನ್ನಿ. ಒಲೆಯ ಮುಂದೆ, ಮಗುವಿನ ಪುಸ್ತಕದ ಮೇಲೆ ನೆರಳು ಎಲ್ಲಿ ಬೀಳುತ್ತದೆ, ಕೊಟ್ಟಿಗೆಯ ವೈರು ಎಲ್ಲಿ ಬಿರಿದಿದೆ, ಗುರುತು ಮಾಡಿಕೊಳ್ಳಿ. ವೈರನ್ನು ಮೊದಲು ಸರಿಪಡಿಸಿ, ನೆರಳನ್ನು ಆಮೇಲೆ.